ಬೆರಳಿಡುವ ಮುನ್ನ

ಜುಲೈ ೮, ಸೋಮವಾರ

…ಕೈಬಿಡಬಹುದು ಎಂದರೋ, ಕೈ ಬಿಡಿಸಿಕೊಳ್ಳಬಹುದು ಎಂದರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ದೊಡ್ಡ ಮೇಡಂ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಮಾತಾಡುವಾಗ ಫ್ಯಾನಿನ ಸದ್ದು ಜೋರಾಗಿತ್ತು. ಅರ್ಥವಂತೂ ಒಂದೇ: ಗುಂಗುರು ಕೂದಲಿನ ಹುಡುಗಿಗೆ ಇನ್ನು ನನ್ನ ಅಗತ್ಯವಿಲ್ಲ. ನನ್ನ ಕೋಣೆಯ ಮಕ್ಕಳ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಓದಿ ಮುಗಿಸಿದ ಮೇಲೆ ಅವರು, ಎಲ್ಲ ಶಿಕ್ಷಕರ ಎದುರು, "ಹೋದ ವರ್ಷ ಬಾಯೇ ಬಿಡದಿದ್ದ ಮಗು ಕಣ್ರಿ ಇದು," ಎಂದರು. ಕೆಲವರು ಚಪ್ಪಾಳೆ ತಟ್ಟಿದರು. ನಾನು ಮೇಜಿನ ಮೇಲೆ ಬಿದ್ದಿದ್ದ ಸೊಟ್ಟ ಪಿನ್ನೊಂದನ್ನು ನೆಟ್ಟಗೆ ಮಾಡುತ್ತ ಕೂತಿದ್ದೆ. ಸಂತೋಷವಾದಾಗ ಏನು ಮಾಡಬೇಕೆಂದು ನನಗೆ ಮೊದಲಿನಿಂದಲೂ ತಿಳಿಯದು.

ನನ್ನ ಕೋಣೆ ಮೆಟ್ಟಿಲ ಕೆಳಗಿದೆ. ಮುಂಚೆ ಅಲ್ಲಿ ಆಟದ ಸಾಮಾನು ಇಡುತ್ತಿದ್ದರು. ಈಗಲೂ ಹಳೆಯ ಚೆಂಡುಗಳ ರಬ್ಬರಿನ ವಾಸನೆ ಹೋಗಿಲ್ಲ. ಎಲ್ಲ ಪಾಠವೂ ಇಂಗ್ಲಿಷಿನಲ್ಲೇ ನಡೆಯುವ ಈ ಶಾಲೆಗೆ, ಮನೆಯಲ್ಲಿ ಆ ಭಾಷೆಯ ಗಾಳಿಯೂ ಸೋಕದ ಮಕ್ಕಳು ಬಂದು ಸೇರಿದಾಗ, ದಿನಕ್ಕೊಂದು ಪೀರಿಯಡ್ ಅವರನ್ನು ನನ್ನ ಬಳಿ ಕಳಿಸುತ್ತಾರೆ. ಕಲಿಸುವವನೂ ನಾನೇ, ಎಷ್ಟು ಕಲಿತರೆಂದು ಅಳೆಯುವವನೂ ನಾನೇ. ಕೋಣೆಯೊಳಗೆ ಮನೆಮಾತು ಆಡಕೂಡದೆಂಬುದು ನಿಯಮ. ಚಿತ್ರದ ಕಾರ್ಡುಗಳ ಡಬ್ಬವೊಂದು ನನ್ನ ಆಸ್ತಿ. ಆದ್ದರಿಂದ ಮಕ್ಕಳಿಗೆ ನಾನು ಚಿತ್ರದ ಸಾರ್. ಪರೀಕ್ಷೆಯೂ ಅದರಿಂದಲೇ. ನಾಲ್ಕು ಚಿತ್ರ ಹರಡಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳುತ್ತೇನೆ. ಮಗು ಆ ವಾಕ್ಯಕ್ಕೆ ತಕ್ಕ ಚಿತ್ರದ ಮೇಲೆ ಬೆರಳಿಡಬೇಕು. ಆಮೇಲೆ ಆ ಚಿತ್ರದ ಬಗ್ಗೆಯೇ ಒಂದೆರಡು ಪ್ರಶ್ನೆ, ಒಂದೆರಡು ಉತ್ತರ.

ಬೇರೆ ಮಕ್ಕಳು ಕಾರ್ಡಿಗೆ ಮೂಗು ತಾಗಿಸಿ ಕೂರುತ್ತಾರೆ. ಗುಂಗುರು ಹಾಗಲ್ಲ. ಬೆರಳಿಡುವ ಮುನ್ನ ತಲೆ ಎತ್ತಿ ಒಮ್ಮೆ ನನ್ನ ಮುಖ ನೋಡುತ್ತಾಳೆ. ಕಲಿಸುವವನ ಮೇಲೆ ನಂಬಿಕೆ ಹುಟ್ಟಿದ ಮಗು ಮಾತ್ರ ಹೀಗೆ ನೋಡಬಲ್ಲದು ಎಂದು ವರದಿಯಲ್ಲಿ ಬರೆದಿದ್ದೆ. ದೊಡ್ಡ ಮೇಡಂ ಅದನ್ನೂ ಗಟ್ಟಿಯಾಗಿ ಓದಿದರು.

ಜುಲೈ ೧೧, ಗುರುವಾರ

ಹೆಂಡತಿ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಬೇಗ ಬಂದಿದ್ದಳು. ಇಸ್ಪೀಟು ಹಾಕಿಕೊಂಡು ಕೂತೆವು. ಮಾಮೂಲಿನಂತೆ ಸೋತೆ.

"ರಾಜನ್ನ ಇಳಿಸಿ, ಯಾಕೆ ಒಳಗೆ ಇಟ್ಕೊಂಡು ಸಾಕ್ತೀರ?"

"ನನ್ನ ಹತ್ರ ರಾಜ ಇದ್ದಾನೆ ಅಂತ ಹೇಗೆ ಗೊತ್ತು?"

"ಮುಖದ ಮೇಲೆ ಮೆರವಣಿಗೆ ಹೊರಟಿದೆಯಲ್ರೀ."

ಸಭೆಯಲ್ಲಿ ಚಪ್ಪಾಳೆ ಬಿದ್ದ ವಿಷಯ ಹೇಳಿದೆ. "ಅಬ್ಬಾ, ಹಾಗಾದ್ರೆ ಇವತ್ತು ಪಾತ್ರೆ ನೀವೇ ತೊಳೀರಿ, ದೊಡ್ಡವರ ಕೈಗುಣ," ಎಂದಳು. ತೊಳೆದೆ.

ಜುಲೈ ೨೪, ಬುಧವಾರ

ಶಿಕ್ಷಕರ ಕೋಣೆಯಲ್ಲಿ ಲೋಟ ತೊಳೆಯುತ್ತಿದ್ದಾಗ ಗುಂಗುರುವಿನ ಕ್ಲಾಸ್ ಮಿಸ್ ಪಕ್ಕಕ್ಕೆ ಬಂದು ನಿಂತರು.

"ಸಾರ್, ನಿಮ್ಮ ಗುಮ್ಮನಗುಸುಕಿಯನ್ನ ಏನು ಮಾಡೋಣ ಹೇಳಿ."

ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ.

"ಪುಸ್ತಕ ತೆಗಿ ಅಂದ್ರೆ ಪಕ್ಕದವಳು ತೆಗೆಯೋವರೆಗೂ ತೆಗೆಯಲ್ಲ. ಏನಾದ್ರೂ ಕೇಳಿದ್ರೆ ಎದ್ದು ನಿಂತು ನನ್ನ ಮುಖಾನೇ ನೋಡ್ತಾಳೆ. ನೋಡ್ತಾನೇ ಇರ್ತಾಳೆ. ನಾನೇನು ಸಿನಿಮಾನಾ?"

"ಹೊಸದರಲ್ಲಿ ಹಾಗೆ. ಸ್ವಲ್ಪ ದಿನ ಬಿಡಿ ಮೇಡಂ."

"ನಿಮ್ಮ ಹತ್ರ ಪಟಪಟ ಅಂತ ಉತ್ತರ, ನನ್ನ ಹತ್ರ ಬಾಯಿಗೆ ಬೀಗ. ಬರದೇ ಇರೋರಾದ್ರೆ ಅಯ್ಯೋ ಪಾಪ ಅನ್ನಬಹುದು. ಬಂದೂ ಹೇಳದೇ ಇರೋದಕ್ಕೆ ಏನಂತಾರೆ? ಕೊಬ್ಬು ಅಂತಾರೆ."

"ಪ್ರೀತಿಯಿಂದ ಕೇಳಿ ನೋಡಿ."

"ಪ್ರೀತಿ ನಿಮ್ಮ ಡಬ್ಬದಲ್ಲಿ ಇರುತ್ತಾ ಸಾರ್? ಎರಡು ಕಾರ್ಡು ನನಗೂ ಕೊಡಿ."

ಅವರು ಕೆಟ್ಟವರಲ್ಲ. ಅವರ ತರಗತಿಯಲ್ಲಿ ಬೆಂಚುಗಳ ನಡುವೆ ಅಡ್ಡಡ್ಡ ನಡೆಯಬೇಕು, ಅಷ್ಟು ಮಕ್ಕಳು. ಆದರೆ ಅವರು ಗೊಣಗುತ್ತಿದ್ದಾಗ ನನ್ನೊಳಗೆ ಎದ್ದದ್ದು ಚಿಂತೆಯಲ್ಲ. ನನ್ನೆದುರು ಮಾತ್ರ ಮಾತಾಡುತ್ತಾಳೆ ಎಂಬ ಒಂದು ಬೆಚ್ಚನೆಯ ಭಾವ. ಇದನ್ನು ಇಲ್ಲಿ ಬರೆಯಬಹುದು, ಬೇರೆಲ್ಲೂ ಹೇಳುವಂತಿಲ್ಲ.

ಜುಲೈ ೨೯, ಸೋಮವಾರ

ಬರೆಯಬೇಕೋ ಬೇಡವೋ ಎಂದು ತುಂಬ ಹೊತ್ತು ಕೂತಿದ್ದೆ.

ಊಟದ ಬಿಡುವಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಕಾರ್ಡು ಜೋಡಿಸುತ್ತಿದ್ದೆ. ತಲೆಯ ಮೇಲಿನ ಮೆಟ್ಟಿಲಿನಲ್ಲಿ ಇಬ್ಬರು ಮಕ್ಕಳು ಬಂದು ಕೂತರು. ಹಲಗೆಗಳ ಸಂದಿಯಿಂದ ಮಾತು ನೇರ ಕೆಳಗಿಳಿಯುತ್ತದೆ. ಒಬ್ಬಳು ಕಳೆದ ವಾರ ಸೇರಿದ ಹೊಸ ಹುಡುಗಿ; ನಾಳೆ ನನ್ನಲ್ಲಿ ಅವಳ ಮೊದಲ ಪರೀಕ್ಷೆ. ಇನ್ನೊಂದು ದನಿ ಚುರುಕಾಗಿತ್ತು, ಸ್ವಲ್ಪ ಜಂಬದ್ದೂ ಆಗಿತ್ತು. ಮನೆಮಾತಿನಲ್ಲಿ, ನನ್ನದೂ ಆಗಿರುವ ಆ ಮಾತಿನಲ್ಲಿ, ತಡೆಯಿಲ್ಲದೆ ಹರಿಯುತ್ತಿತ್ತು. ಅದು ಗುಂಗುರುವಿನ ದನಿಯೆಂದು ತಿಳಿಯಲು ಹೊತ್ತು ಹಿಡಿಯಿತು. ಇಷ್ಟು ದಿನದಲ್ಲಿ ನಾನು ಅವಳ ಸ್ವಂತ ದನಿಯನ್ನು ಕೇಳಿಯೇ ಇರಲಿಲ್ಲ.

"ಚಿತ್ರ ನೋಡ್ಬೇಡ ಕಣೇ, ಸಾರ್‌ನ ನೋಡು. ಬೆರಳನ್ನ ಹಿಂಗೆ ಗಾಳೀಲಿ ಮೆಲ್ಲಗೆ ಓಡಿಸು. ಸರಿಯಾದ ಚಿತ್ರದ ಮೇಲೆ ಬಂತು ಅಂದ್ರೆ ಸಾರ್ ಹುಬ್ಬು ಮೇಲೆ ಹೋಗುತ್ತೆ. ತಕ್ಷಣ ಇಟ್ಬಿಡು."

"ಹೋಗದಿದ್ರೆ?"

"ಹೋಗೇ ಹೋಗುತ್ತೆ. ಪಾಪ, ಅವರಿಗೆ ತಡ್ಕೊಳ್ಳೋಕೆ ಆಗಲ್ಲ."

"ಮಾತಾಡು ಅಂದ್ರೆ ಏನು ಮಾಡ್ಲಿ?"

"ಬಾಯಿ ನೋಡು. ಅರ್ಧ ಅವರೇ ಹೇಳಿರ್ತಾರೆ, ಶಬ್ದ ಬರಲ್ಲ ಅಷ್ಟೇ. ತುಂಬ ಒಳ್ಳೇ ಸಾರ್ ಕಣೇ. ಎಲ್ರಿಗೂ ಹೇಳ್ಕೊಡ್ತಾರೆ. ನಮ್ಮ ಕ್ಲಾಸ್ ಮಿಸ್ ಮುಖದಲ್ಲಿ ಏನೂ ಬರಲ್ಲ. ಎಷ್ಟು ನೋಡಿದ್ರೂ ಬರಲ್ಲ."

ಹೊಸ ಹುಡುಗಿ ನಕ್ಕಳು. ಇವಳು ನನ್ನ ಹುಬ್ಬನ್ನು ಅನುಕರಿಸಿ ತೋರಿಸಿರಬೇಕು.

ಅವರು ಹೋದ ಮೇಲೆ ಕೈ ತೊಳೆಯುವ ಕಡೆ ಹೋಗಿ ಕನ್ನಡಿಯ ಮುಂದೆ ನಿಂತು, ಪರೀಕ್ಷೆಯ ವಾಕ್ಯಗಳನ್ನು ಒಂದೊಂದಾಗಿ ಹೇಳಿಕೊಂಡೆ. ಒಂದು ಕೈಯ ಬೆರಳನ್ನು ನಾನೇ ಅತ್ತಿತ್ತ ಆಡಿಸಿದೆ. ಕನ್ನಡಿಯಲ್ಲಿದ್ದ ಮನುಷ್ಯ ಎಷ್ಟು ಉಪಕಾರಿಯಾಗಿದ್ದ! ಹುಬ್ಬು, ತುಟಿ, ಮುಂದಕ್ಕೆ ಬಾಗುವ ಕತ್ತು, ಎಲ್ಲವೂ ಉತ್ತರವನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದವು. ಆ ಅಂಕ ಅವಳದಲ್ಲ. ನನ್ನದು. ನಾನು ನನಗೇ ಪರೀಕ್ಷೆ ಮಾಡಿಕೊಂಡು ನಾನೇ ಪಾಸಾಗಿದ್ದೆ.

ಅವಳು ಇದನ್ನು ಮೋಸವೆಂದು ತಿಳಿದಿಲ್ಲ ಎಂಬುದನ್ನೂ ಬರೆದಿಡಬೇಕು. ಪರೀಕ್ಷೆಯೆಂದರೆ ಇದೇ ಎಂದು ತಿಳಿದಿದ್ದಾಳೆ. ಮುಖ ಓದುವುದನ್ನೇ ಕಲಿಸುತ್ತಿದ್ದಾರೆ ಎಂದುಕೊಂಡು ಶ್ರದ್ಧೆಯಿಂದ ಕಲಿತಿದ್ದಾಳೆ.

ಜುಲೈ ೩೦, ಮಂಗಳವಾರ

ದೊಡ್ಡ ಮೇಡಂ ಕೋಣೆಯವರೆಗೆ ಹೋಗಿ, ಸೀಮೆಸುಣ್ಣ ಕೇಳಿ ಬಂದೆ.

ಆಗಸ್ಟ್ ೧, ಗುರುವಾರ

ಅವಳ ಅಪ್ಪನನ್ನು ಕರೆಸಿದ್ದರು. ಗೋಡೆಗಳಿಗೆ ಬಣ್ಣ ಹೊಡೆಯುವವನು. ಕೆಲಸದ ನಡುವಿನಿಂದ ಎದ್ದು ಬಂದದ್ದು, ಕಿವಿಯ ಹಿಂದೆ ತಿಳಿಹಸಿರು ಬಣ್ಣದ ಚುಕ್ಕೆಗಳಿದ್ದವು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಟ್ಟೆಯ ಬಣ್ಣ ಅಂಟೀತೆಂದು ಇರಬೇಕು. ಮಗಳು ಅವನ ಪಕ್ಕದಲ್ಲಿ ನಿಂತಿದ್ದಳು.

ದೊಡ್ಡ ಮೇಡಂ ಸಮಾಧಾನದಿಂದಲೇ ಹೇಳಿದರು. ಪರೀಕ್ಷೆಯಲ್ಲಿ ಮಗುವಿಗೆ ಇಂಗ್ಲಿಷ್ ಬಂದಿದೆ. ತರಗತಿಯಲ್ಲಿ ಬಾಯಿ ಬಿಡುತ್ತಿಲ್ಲ. ಅಂದರೆ ಇದು ಬರುವ ಬಾರದ ಪ್ರಶ್ನೆಯಲ್ಲ, ಹಟದ್ದು. ಆದ್ದರಿಂದ ಕೆಲವು ದಿನ ಒಂದು ತರಗತಿ ಕೆಳಗೆ ಕೂರಿಸಿ ನೋಡುವುದು. ಆಗಲೂ ದಾರಿಗೆ ಬರದಿದ್ದರೆ ವರ್ಷಪೂರ್ತಿ ಅಲ್ಲೇ.

"ಕೆಳಗೆ ಅಂದ್ರೆ," ಎಂದ ಅಪ್ಪ, "ಅಲ್ಲಿ ಇವಳ ತಮ್ಮ ಇದ್ದಾನಲ್ಲ ಮೇಡಂ."

"ಇರಲಿ. ಸ್ವಲ್ಪ ನಾಚಿಕೆ ಆದ್ರೆ ಬಾಯಿ ಬರುತ್ತೆ," ಎಂದರು ಕ್ಲಾಸ್ ಮಿಸ್.

ಅಪ್ಪ ಮಗಳ ಕಡೆ ತಿರುಗಿದ. "ಏನೇ, ಸಾರ್ ಹತ್ರ ಬರೋದು ಮಿಸ್ ಹತ್ರ ಯಾಕೆ ಬರಲ್ಲ? ಹೇಳು. ಇವರೆಲ್ಲ ಕೆಲಸ ಬಿಟ್ಟು ನಿನ್ನ ಮುಂದೆ ಕೂತಿದ್ದಾರೆ."

ಅವಳು ನನ್ನ ಮುಖ ನೋಡಿದಳು. ಅಲ್ಲಿ ಅಷ್ಟು ಮುಖಗಳಿದ್ದರೂ ನನ್ನದನ್ನೇ. ಏನು ಹೇಳಬೇಕೆಂದು ಅದರಲ್ಲಿ ಬರುತ್ತದೆ ಎಂದು ಕಾದಳು. ನಾನು ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದೆ. ಲೇಸು ಬಿಚ್ಚಿರಲಿಲ್ಲ, ಮೊದಲು ಬಿಚ್ಚಬೇಕಾಯಿತು.

"ನೀವಾದ್ರೂ ಹೇಳಿ ಸಾರ್," ಎಂದ ಅವನು. "ಇವಳಿಗೆ ಬರುತ್ತೋ ಇಲ್ವೋ?"

"ಬರುತ್ತೆ," ಎಂದೆ, ಕೆಳಗಿನಿಂದಲೇ. "ನಿಧಾನಕ್ಕೆ ಬರುತ್ತೆ."

ಯಾವ ಕಡೆಗೆ ಬೇಕಾದರೂ ಮಗ್ಗುಲು ಬದಲಿಸಬಲ್ಲ ವಾಕ್ಯ. ಇಂಥ ವಾಕ್ಯಗಳನ್ನು ಕಟ್ಟುವುದರಲ್ಲಿ ನನಗೆ ಯಾರೂ ಸಾಟಿಯಿಲ್ಲ. ಅವನು ಮಗಳ ತಲೆಯ ಮೇಲೆ ಕೈಯಿಟ್ಟು ಅದನ್ನು ತಾನೇ ಸ್ವಲ್ಪ ಬಗ್ಗಿಸಿ, "ತಪ್ಪಾಯ್ತು ಅನ್ನು," ಎಂದ. ಅವಳು ಅಂದಳು. ಬಂದ ದಾರಿಯಲ್ಲೇ ಹೋದರು.

ಆಗಸ್ಟ್ ೨, ಶುಕ್ರವಾರ

ಜ್ವರವೆಂದು ರಜೆ ಹಾಕಿದೆ. ಹೆಂಡತಿ ಹಣೆ ಮುಟ್ಟಿ ನೋಡಿ ತನ್ನ ಕೆಲಸಕ್ಕೆ ಹೋದಳು.

ಆಗಸ್ಟ್ ೬, ಮಂಗಳವಾರ

ಕೆಳಗಿನ ತರಗತಿಯ ಬೆಂಚುಗಳು ಗಿಡ್ಡ. ಅವಳ ಮೊಣಕಾಲು ಡೆಸ್ಕಿನ ತಳಕ್ಕೆ ತಾಗುತ್ತದೆ, ಆದ್ದರಿಂದ ಕಾಲನ್ನು ನಡುದಾರಿಗೆ ಚಾಚಿ ಓರೆಯಾಗಿ ಕೂರುತ್ತಾಳೆ. ಹಾದುಹೋಗುವ ಪ್ರತಿ ಮಗುವಿಗೂ ಕಾಲು ಒಳಗೆಳೆದುಕೊಳ್ಳಬೇಕು. ನಾನು ಇಷ್ಟೆಲ್ಲ ನೋಡಿದ್ದು ವರಾಂಡದಲ್ಲಿ ನೋಟೀಸು ಓದುವವನಂತೆ ನಿಂತು.

"ಅಕ್ಕಾ, ನೀವೂ ಇನ್ಮೇಲೆ ನಮ್ಮ ಕ್ಲಾಸಾ?" ಎಂದು ಮುಂದಿನ ಬೆಂಚಿನ ಒಬ್ಬ ಕೇಳಿದ. ಎಲ್ಲರೂ ಕಿಸಕ್ಕೆಂದರು. ಇನ್ನೊಬ್ಬ ಅವಳ ತಮ್ಮನ ಬೆನ್ನಿಗೆ ಗುದ್ದಿ, "ಏಯ್, ನಿಮ್ಮಕ್ಕ ಕಣೋ," ಎಂದ.

ತಮ್ಮ ಪೆನ್ಸಿಲ್ ಚೂಪು ಮಾಡುತ್ತಿದ್ದ. ತಲೆ ಎತ್ತದೆ ಹೇಳಿದ: "ನಮ್ಮಕ್ಕ ಅಲ್ಲ."

ಅವಳಿಗೆ ಕೇಳಿಸಿತು. ಅದು ಇಂಗ್ಲಿಷ್ ಆಗಿರಲಿಲ್ಲ.

ಆಗಸ್ಟ್ ೮, ಗುರುವಾರ

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ, ನಮ್ಮ ಶಾಲೆಯಲ್ಲಿ ಒಬ್ಬ ಮೇಷ್ಟರಿಂದ ಹೀಗೆ ಹೀಗೆ ಆಗಿದೆ ಎಂದು. ಪೂರ್ತಿ ಕೇಳಿಸಿಕೊಂಡಳು.

"ಆ ಮೇಷ್ಟ್ರು ಊಟ ಮಾಡ್ತಿದ್ದಾರಾ?"

"ಯಾಕೆ?"

"ತಟ್ಟೆ ಆರಿಹೋಗ್ತಿದೆ, ಅದಕ್ಕೆ ಕೇಳಿದೆ."

ತುತ್ತು ಕಲಸಿದೆ. ಅವಳೇ ಮುಂದುವರಿಸಿದಳು. ಅಂಗಡಿಗೂ ಅಂಥವರು ಬರುತ್ತಾರಂತೆ. ಗೋಡೆಯ ಮೇಲಿನ ಅಕ್ಷರಗಳನ್ನು ತಮಗಿಂತ ಮೊದಲಿನವರು ಓದುವಾಗ ಕೇಳಿ ಬಾಯಿಪಾಠ ಮಾಡಿಕೊಂಡು, ತಮ್ಮ ಸರದಿ ಬಂದಾಗ ಗಡಗಡ ಒಪ್ಪಿಸಿ, ಕನ್ನಡಕ ಬೇಡವೆಂದು ಎದ್ದು ಹೋಗುತ್ತಾರಂತೆ. "ಹೊರಗೆ ಮೂರು ಮೆಟ್ಟಿಲಿದೆ ನೋಡಿ. ಅಲ್ಲಿ ಎಡವ್ತಾರೆ."

"ಆಗ ನೀನೇನು ಮಾಡ್ತೀಯ?"

"ಓಡಿಹೋಗಿ ಹಿಡ್ಕೋತೀನಿ. ಇನ್ನೇನು, ಓದುವಾಗ ಮೋಸ ಮಾಡಿದ್ರಿ ಅಂತ ಕೂತು ನೋಡ್ತೀನಾ?" ಅನ್ನದ ಪಾತ್ರೆಯನ್ನು ನನ್ನ ಕಡೆ ತಳ್ಳಿದಳು. "ಆ ಮೇಷ್ಟ್ರಿಗೆ ಹೇಳಿ, ನಾಳೆ ಬೆಳಿಗ್ಗೆ ಮೊದಲ ಬೆಲ್ಲಿಗೆ ಮುಂಚೆ ಹೋಗ್ಲಿ. ಆಮೇಲೆ ಹೋದ್ರೆ ಅವರಿಗೆ ಬೇರೆ ಕೆಲಸ ನೆನಪಾಗುತ್ತೆ."

ಆಗಸ್ಟ್ ೯, ಶುಕ್ರವಾರ

ಹೇಳಿದೆ. ಹೇಳಿದೆ ಎಂದು ಬರೆದುಕೊಳ್ಳುವಷ್ಟಾದರೂ ಹೇಳಿದೆ.

ದೊಡ್ಡ ಮೇಡಂ ಎದ್ದು ಫ್ಯಾನ್ ಆರಿಸಿ ಬಂದು ಕೂತು ಕೇಳಿದರು. ಹುಬ್ಬಿನ ವಿಷಯಕ್ಕೆ ಬಂದಾಗ ನನ್ನ ಹುಬ್ಬುಗಳನ್ನೇ ನೋಡಿದರು. ಅವು ಏನು ಮಾಡುತ್ತಿದ್ದವೋ ತಿಳಿಯದು.

"ನೋಡಿ ಸಾರ್," ಎಂದರು, "ಈ ಮಾತು ಈ ಕೋಣೇಲೇ ಇರಲಿ. ಫಲಿತಾಂಶ ಮೇಲಿನವರಿಗೆ ಹೋಗಿಬಿಟ್ಟಿದೆ. ಒಂದು ಮಗುವಿನದು ಸುಳ್ಳು ಅಂದ್ರೆ, ನಿಮ್ಮ ಕೋಣೆಯ ಉಳಿದ ಮಕ್ಕಳದು?"

"ಅವರದೂ ಇರಬಹುದು."

"ಆಮೇಲೆ ಆ ಕೋಣೆ ಯಾಕೆ ಬೇಕು ಅಂತ ಕೇಳ್ತಾರೆ. ನಾಳೆ ಬರೋ ಮಕ್ಕಳು ಎಲ್ಲಿಗೆ ಹೋಗ್ಬೇಕು?"

ಇದು ನಿಜ. ನಿಜವಾದ್ದರಿಂದ ಹಿಡಿದುಕೊಳ್ಳಲು ಅನುಕೂಲವೂ ಆಯಿತು. ಅವರು ದಾರಿ ತೋರಿಸಿದರು: ಹುಡುಗಿಗೆ ನಾನೇ ಮರುಪರೀಕ್ಷೆ ಮಾಡುವುದು, ಈ ಸಲ ಸರಿಯಾಗಿ. ಕಡಿಮೆ ಬಂದರೆ ಅವಳನ್ನು ಅವಳ ತರಗತಿಗೇ ವಾಪಸು ಕಳಿಸಿ, ನನ್ನ ಪೀರಿಯಡ್ ಮತ್ತೆ ಕೊಡುವುದು. ಕಾರಣದ ಜಾಗದಲ್ಲಿ, ಮಗು ಕಲಿತದ್ದನ್ನು ಮರೆತಿದೆ ಎಂದು ಹಾಕುವುದು.

"ಅವಳು ಮರೆತಿಲ್ಲವಲ್ಲ ಮೇಡಂ."

"ಯಾರೋ ಒಬ್ಬರು ಮರೀಬೇಕಲ್ಲ ಸಾರ್."

ತಲೆಯಾಡಿಸಿದೆ.

ಆಗಸ್ಟ್ ೧೩, ಮಂಗಳವಾರ

ಮುಖವನ್ನು ಎಲ್ಲಿಡುವುದು ಎಂಬುದೇ ಪ್ರಶ್ನೆಯಾಯಿತು. ಕಲ್ಲಿನಂತೆ ಇಟ್ಟುಕೊಳ್ಳಬಲ್ಲೆನೆಂಬ ನಂಬಿಕೆ ಇರಲಿಲ್ಲ. ಕೊನೆಗೆ ಹಾಜರಿಯ ದೊಡ್ಡ ಫೈಲನ್ನು ಎತ್ತಿ ಮುಖದ ಮುಂದೆ ಹಿಡಿದುಕೊಂಡೆ. ಅದರ ಕೆಳಗಂಚಿನಿಂದ ಅವಳ ಬೆರಳು ಮಾತ್ರ ಕಾಣುತ್ತಿತ್ತು.

ಮೊದಲ ವಾಕ್ಯ ಹೇಳಿದೆ. ಬೆರಳು ಚಿತ್ರಗಳ ಮೇಲೆ ಗಾಳಿಯಲ್ಲಿ ಒಂದು ಸುತ್ತು ಹೋಗಿ ಬಂತು. ಇನ್ನೊಂದು ಸುತ್ತು. ಅಲ್ಲೇ ನಿಂತಿತು.

"ಸಾರ್, ಕಾಣಿಸ್ತಿಲ್ಲ," ಎಂದಳು ಮೆಲ್ಲಗೆ, ಮನೆಮಾತಿನಲ್ಲಿ.

ನಿನಗೆ ಗೊತ್ತಿರುವುದನ್ನು ತೋರಿಸು ಎಂದೆ, ಇಂಗ್ಲಿಷಿನಲ್ಲಿ, ಫೈಲಿಗೆ.

ಬೆರಳು ಮಾಯವಾಯಿತು. ಕುರ್ಚಿ ಸರಿದ ಸದ್ದು. ಮೇಜನ್ನು ಸುತ್ತಿ ಬಂದು ಅವಳು ಫೈಲಿನ ಪಕ್ಕದಿಂದ ತಲೆ ಬಗ್ಗಿಸಿ ಒಳಗೆ ಇಣುಕಿದಳು. ನನ್ನ ಮುಖ ಆಗ ಹೇಗಿತ್ತೋ. ಅದರಲ್ಲಿ ಅವಳು ಇದುವರೆಗೆ ಕಲಿತಿದ್ದ ಯಾವ ಗುರುತೂ ಇರಲಿಲ್ಲವೆಂದು ಕಾಣುತ್ತದೆ.

"ಕೋಪ ಬಂದಿದೆಯಾ ಸಾರ್?"

ಇಲ್ಲ ಎಂದು ಅವಳ ಮಾತಿನಲ್ಲೇ ಹೇಳಿದ್ದರೆ ಮುಗಿಯುತ್ತಿತ್ತು. ಒಂದೇ ಪದ. ನಾನು ಇಂಗ್ಲಿಷಿನಲ್ಲಿ, ನಿನ್ನ ಜಾಗಕ್ಕೆ ಹೋಗಿ ಕೂತುಕೋ, ಎಂದೆ.

ಆ ವಾಕ್ಯ ಅವಳಿಗೆ ಅರ್ಥವಾಯಿತು. ಹೋಗಿ ಕೂತಳು. ಉಳಿದ ವಾಕ್ಯಗಳಿಗೆಲ್ಲ ಎಡಗಡೆಯ ಮೊದಲ ಚಿತ್ರದ ಮೇಲೆ ಬೆರಳಿಟ್ಟಳು. ಅಂಕ ಬೇಕಾದಷ್ಟು ಕಡಿಮೆ ಬಂತು.

ಆಗಸ್ಟ್ ೧೬, ಶುಕ್ರವಾರ

ಅವಳನ್ನು ಅವಳ ತರಗತಿಗೆ ವಾಪಸು ಕಳಿಸಿದ್ದಾರೆ. ದಿನಕ್ಕೊಂದು ಪೀರಿಯಡ್ ನನ್ನ ಬಳಿ. ನಾನು ಬಯಸಿದ್ದು ಇದೇ.

ಸಂಜೆ ಗೇಟಿನ ಹತ್ತಿರ ಅವಳ ಅಪ್ಪ ಕಾಯುತ್ತಿದ್ದ. ಈ ಸಲ ಬಿಳಿ ಬಣ್ಣ. ನನ್ನ ಎರಡೂ ಕೈ ಹಿಡಿದುಕೊಂಡ. ಒಣಗಿದ ಬಣ್ಣ ಚುಚ್ಚಿತು.

"ನೀವೇ ಹೋಗಿ ಕೇಳ್ಕೊಂಡ್ರಂತೆ ಸಾರ್, ಇನ್ನೊಂದು ಅವಕಾಶ ಕೊಡಿ ಅಂತ. ದೊಡ್ಡ ಮನಸ್ಸು ಮಾಡಿದ್ರಿ. ಬೇರೆ ಯಾರು ಮಾಡ್ತಾರೆ? ಕಲಿತಿದ್ದನ್ನೆಲ್ಲ ಮರೆತು ಕೂತಿದ್ದಾಳೆ ದರಿದ್ರದವಳು. ಮನೇಲಿ ಚೆನ್ನಾಗಿ ಬುದ್ಧಿ ಹೇಳಿದ್ದೀನಿ, ಇನ್ಮೇಲೆ ಹಾಗೆಲ್ಲ ಮಾಡಲ್ಲ."

ಹಾಗೆಲ್ಲ ಎಂದರೆ ಹೇಗೆ ಎಂದು ನಾನು ಕೇಳಲಿಲ್ಲ. ಬುದ್ಧಿಯನ್ನು ಬಾಯಲ್ಲಿ ಹೇಳಿದನೋ ಕೈಯಲ್ಲಿ ಹೇಳಿದನೋ, ಅದನ್ನೂ ಕೇಳಲಿಲ್ಲ.

"ಪರವಾಗಿಲ್ಲ," ಎಂದೆ.

ಅಂದರೆ ನಾನು ಅವಳನ್ನು ಕ್ಷಮಿಸಿದೆ.

ಆಗಸ್ಟ್ ೨೦, ಮಂಗಳವಾರ

ಮೇಜನ್ನು ಗೋಡೆಗೆ ಒತ್ತಿ ಇಟ್ಟಿದ್ದೇನೆ. ಎದುರು ಕೂರುವ ಬದಲು ಪಕ್ಕದಲ್ಲಿ ಕೂರುತ್ತೇನೆ, ಇಬ್ಬರಿಗೂ ಗೋಡೆಯೇ ಕಾಣುವಂತೆ. ಕಾರ್ಡಿನ ಡಬ್ಬ ತೆರೆದಿಲ್ಲ. ಮನೆಮಾತು ಆಗಾಗ ಬಾಯಿಂದ ಜಾರುತ್ತದೆ. ಕೋಣೆಯ ನಿಯಮ ನೆನಪಾಗುವ ಹೊತ್ತಿಗೆ ಅವರಿಗೆ ಅರ್ಧ ಕಥೆ ಹೇಳಿ ಆಗಿರುತ್ತದೆ. ಹೊಸ ಹುಡುಗಿ ನಗುತ್ತಾಳೆ, ಅಡ್ಡಪ್ರಶ್ನೆ ಹಾಕುತ್ತಾಳೆ. ಪ್ರಶ್ನೆ ಕೇಳಿದ ಮೇಲೆ ಈಗ ತುಂಬ ಹೊತ್ತು ಸುಮ್ಮನೆ ಕೂತಿರುತ್ತೇನೆ. ವಯಸ್ಸಾಯಿತೇನೋ, ಮೊದಲಿನ ಚುರುಕಿಲ್ಲ.

ಗುಂಗುರು ತನ್ನ ಕೈಗಳನ್ನು ನೋಡುತ್ತಿರುತ್ತಾಳೆ. ಕರೆದರೆ ನನ್ನ ಅಂಗಿಯ ಗುಂಡಿಯವರೆಗೆ ಕಣ್ಣೆತ್ತುತ್ತಾಳೆ. ಅದಕ್ಕಿಂತ ಮೇಲಕ್ಕಿಲ್ಲ.

ಆಗಸ್ಟ್ ೨೩, ಶುಕ್ರವಾರ

ಬೆಲ್ ಆಯಿತು. ಉಳಿದವರು ಓಡಿದರು. ಅವಳು ಬಾಗಿಲವರೆಗೆ ಹೋಗಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ನನಗೆ ಬೆನ್ನು ಹಾಕಿಯೇ ನಿಂತಳು. ಏನೋ ಬಿಟ್ಟುಹೋಗಿದ್ದಾಳೆ ಎಂದು ಮೇಜಿನ ಮೇಲೆ ಹುಡುಕಿದೆ.

ಆಗ ಮಾತಾಡಿದಳು. ಇಂಗ್ಲಿಷಿನಲ್ಲಿ. ಪದಗಳ ನಡುವೆ ಉಸಿರು ತೆಗೆದುಕೊಳ್ಳುತ್ತ, ಒಂದರ ಮುಂದೆ ಒಂದನ್ನು ಇಡುತ್ತ. ನಾನು ಕೇಳಿರಲಿಲ್ಲ, ಹೇಳಿಕೊಟ್ಟಿರಲಿಲ್ಲ. ನನ್ನ ಹುಬ್ಬು ಅವಳಿಗೆ ಕಾಣುವಂತಿರಲಿಲ್ಲ, ತುಟಿಯೂ ಕಾಣುವಂತಿರಲಿಲ್ಲ.

ಸಾರ್, ನಾನು ಇನ್ನು ನಿಮ್ಮ ಮುಖ ನೋಡುವುದಿಲ್ಲ. ದಯವಿಟ್ಟು ಕೋಪ ಮಾಡಿಕೊಳ್ಳಬೇಡಿ.

ಹೇಳಿದವಳು ತಿರುಗದೆ ಹೋದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ನನ್ನ ತಲೆಯ ಮೇಲೆ ಹತ್ತಿಹೋಯಿತು.

ನಾನು ಎದ್ದು ಅವಳ ಹಿಂದೆ ಹೋಗಲಿಲ್ಲ. ನನ್ನ ಕೈ ಪೆನ್ನಿಗೆ ಹೋಗಿತ್ತು. ಎರಡು ಪೂರ್ಣ ವಾಕ್ಯಗಳು, ಯಾರ ನೆರವೂ ಇಲ್ಲದೆ. ಹೀಗೆ ಮಾತಾಡಿದ ಮಗುವನ್ನು ಒಂದು ಹಂತ ಮೇಲಕ್ಕೆ ಬರೆಯಬೇಕು. ಬರೆದೆ. ಸರಿಯಾಗಿಯೇ ಬರೆದೆ. ಅವಳ ಹೆಸರಿನ ಮುಂದೆ ನಾನು ಬರೆದ ಅಂಕಗಳಲ್ಲಿ ಪೂರ್ತಿ ಅವಳದೇ ಆದದ್ದು ಇದೊಂದೇ. ಶಾಯಿ ಆರಿದ ಮೇಲೆ ಮಾತ್ರ ಅವಳು ಹೇಳಿದ್ದೇನೆಂದು ನನಗೆ ಕೇಳಿಸಿತು.

ಎಷ್ಟು ದಿನದಿಂದ ಆ ಮಾತನ್ನು ನೀನು ಒಬ್ಬಳೇ ಕೂತು ಜೋಡಿಸುತ್ತಿದ್ದೆ? ನೋಡಿದ್ದು ನಿನ್ನ ತಪ್ಪೆಂದು ನಿನಗೆ ಯಾರು ಹೇಳಿದರು, ಮಗೂ?